ಅಮೆರಿಕದ ಗುಡ್ಡಕ್ಕೆ ದೋಹಾದ ಬಣ್ಣ

ನನ್ನ ಹೆಂಡತಿ ನನ್ನನ್ನು ಸಂಶಯಪಿಶಾಚಿ ಎಂದು ಕರೆಯುತ್ತಾಳೆ. ಅದನ್ನು ಬೈಗುಳದ ಹಾಗೆ ಹೇಳುವುದಿಲ್ಲ, ಅಳಿಯ ಎಂದೋ ಭಾವ ಎಂದೋ ಹೇಳುವಷ್ಟು ಸಲೀಸಾಗಿ ಹೇಳುತ್ತಾಳೆ. ನಾನೂ ಅದಕ್ಕಾಗಿ ಜಗಳಾಡಿದವನಲ್ಲ. ಸ್ಟೋರ್ ಕೀಪರ್ ಆದವನು ಮೊಸರಲ್ಲಿ ಕಲ್ಲು ಹುಡುಕದೆ ಮತ್ತೇನು ಮಾಡಬೇಕು? ತೇಗ ಎಂದು ಬಂದ ಹಲಗೆಗಳನ್ನು ಒಮ್ಮೆ ನಂಬಿ ಇಳಿಸಿಕೊಂಡಿದ್ದೆ. ಗೀರಿ ನೋಡಿದರೆ ಮೇಲಿನ ಪದರ ಮಾತ್ರ ತೇಗ, ಒಳಗೆಲ್ಲ ಮರದ ಹೊಟ್ಟು. ಅವತ್ತು ಮ್ಯಾನೇಜರ್ ಕೈಯಲ್ಲಿ ತಿಂದ ಬೈಗುಳದ ನಂತರ ನಾನು ಯಾವುದನ್ನೂ ಹಾಗೇ ನಂಬುವುದನ್ನು ಬಿಟ್ಟೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷಗಳಾಗಿದ್ದವು. ದೋಹಾದಲ್ಲಿ ಎತ್ತ ತಿರುಗಿದರೂ ಕ್ರೇನು, ಧೂಳು, ಹೊಸ ಕಟ್ಟಡ. ಕಟ್ಟಡಗಳ ಒಳಗಿನ ಅಲಂಕಾರ ಮಾಡಿಕೊಡುವ ಕಂಪನಿಯೊಂದರಲ್ಲಿ ನಾನಿದ್ದೆ. ಮನೆ ಬಿನ್ ಮಹಮೂದ್‌ನಲ್ಲಿ. ಹೆಂಡತಿ, ಮಗ ಇಬ್ಬರೂ ಜೊತೆಗಿದ್ದರು. ಮಗ ಅಲ್ಲೇ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ. ಸಂಸಾರ ಜೊತೆಗಿರುವುದು ಗಲ್ಫಿನಲ್ಲಿ ಎಲ್ಲರಿಗೂ ಸಿಗುವ ಭಾಗ್ಯವಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಆಗ ನಮಗೊಂದು ವಿಚಿತ್ರ ಆರ್ಡರ್ ಬಂತು. ಅಲ್ ಥುಮಾಮಾ ಕಡೆ ಅಮೆರಿಕದ ಇಂಜಿನಿಯರುಗಳು ಸಂಸಾರ ಸಮೇತ ಇರುವ ಒಂದು ಕಾಂಪೌಂಡ್, ಅದರ ಕ್ಲಬ್ ಹೌಸಿನ ಗೋಡೆಗೆ ಇಪ್ಪತ್ತನಾಲ್ಕು ಚಿತ್ರ ಬೇಕಾಗಿತ್ತು. ನೂರೈವತ್ತು ವರ್ಷದ ಹಿಂದೆ ಅಮೆರಿಕದ ದೊಡ್ಡ ಕಲಾವಿದರು ಬರೆದ ಬೆಟ್ಟ, ನದಿ, ಕಣಿವೆಗಳ ಚಿತ್ರಗಳ ನಕಲು. ಅಲ್ಲಿಯ ಅಲಂಕಾರದ ಉಸ್ತುವಾರಿ ನೋಡುತ್ತಿದ್ದ ಅಮೆರಿಕದ ಹೆಂಗಸು, ನಾವೆಲ್ಲ ಮೇಡಂ ಎನ್ನುತ್ತಿದ್ದವರು, ಒಂದು ದಪ್ಪ ಪುಸ್ತಕ ಕೊಟ್ಟು ಒಂದೇ ಷರತ್ತು ಹಾಕಿದರು. ಎಲ್ಲವೂ ಕೈಯಿಂದ, ಎಣ್ಣೆ ಬಣ್ಣದಲ್ಲಿ ಬರೆದದ್ದಾಗಿರಬೇಕು. ಮೆಷಿನ್‌ನಲ್ಲಿ ಪ್ರಿಂಟ್ ಹೊಡೆದದ್ದು ಒಂದೇ ಒಂದು ಸಿಕ್ಕಿದರೂ ಎಲ್ಲ ವಾಪಸ್. ಇದು ಕೈಯಿಂದ ಬರೆದದ್ದು ಎಂದು ಪ್ರತಿ ಚಿತ್ರಕ್ಕೂ ಕಂಪನಿಯ ಒಬ್ಬ ಜವಾಬ್ದಾರಿಯ ಮನುಷ್ಯ ಸಹಿ ಹಾಕಿ ಕೊಡಬೇಕು. ಆ ಜವಾಬ್ದಾರಿ ಮ್ಯಾನೇಜರ್ ನನ್ನ ತಲೆಗೆ ಕಟ್ಟಿದರು.

ಪುಸ್ತಕ ತಿರುವಿ ನೋಡಿದೆ. ನಮ್ಮ ಕಡೆಯವರು ನಂಬುವ ಹಾಗಿರಲಿಲ್ಲ. ಅಷ್ಟು ಜಾಗ, ಒಂದು ಬೇಲಿಯಿಲ್ಲ. ಅಷ್ಟು ನೀರು, ಬಟ್ಟೆ ಒಗೆಯುವ ಒಂದು ಕಲ್ಲಿಲ್ಲ. ಬೆಟ್ಟದ ಬುಡದಲ್ಲಿ ಇರುವೆಯಷ್ಟು ದೊಡ್ಡ ಒಬ್ಬ ಮನುಷ್ಯ ಸುಮ್ಮನೆ ನಿಂತು ಆಕಾಶ ನೋಡುತ್ತಿದ್ದಾನೆ. ಇವನಿಗೆ ಮಾಡಲಿಕ್ಕೆ ಬೇರೆ ಕೆಲಸವಿಲ್ಲವೋ ಎಂದು ನನಗೆ ಸಿಟ್ಟೇ ಬಂತು.

ಬರೆಯುವವರು ನಮ್ಮ ಕಂಪನಿಯ ಸ್ಪ್ರೇ ಪೇಂಟರ್. ಉಡುಪಿ ಕಡೆಯ ಕ್ರಿಶ್ಚಿಯನ್ನರು, ನಲ್ವತ್ತರ ಆಸುಪಾಸಿನವರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವ ರೂಢಿಯಂತೆ ನಾನು ಅವರನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದೆ. ಊರಲ್ಲಿ ಅವರ ತಂದೆ ಇಗರ್ಜಿಗಳಲ್ಲಿ ಸಂತರ ಪ್ರತಿಮೆಗಳಿಗೆ ಬಣ್ಣ ಹಾಕಿ ಜೀವನ ಮಾಡಿದವರು, ಇವರೂ ಅದನ್ನೇ ಕಲಿತವರು. ಇಲ್ಲಿಗೆ ಬಂದ ಮೇಲೆ ಬಾಗಿಲು ಕಪಾಟುಗಳಿಗೆ ಬಣ್ಣ ಹೊಡೆಯುವ ಕೆಲಸ. ಗುರುತಿನ ಕಾರ್ಡಿನಲ್ಲಿ ಉದ್ಯೋಗ ಎಂಬಲ್ಲಿ 'ಲೇಬರ್' ಎಂದಿತ್ತು. ಆ ಶಬ್ದ ಅಲ್ಲಿರುವವರೆಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ವೀಸಾ ಸಿಗುವುದಿಲ್ಲ. ಅವರಿಗೆ ಆರು ವರ್ಷದ ಮಗಳಿದ್ದಳು. ಹುಟ್ಟಿದ ಮೇಲೆ ಎರಡು ಸಲ ನೋಡಿದ್ದರು, ಎರಡೂ ರಜೆಯಲ್ಲಿ ಊರಿಗೆ ಹೋದಾಗ. ಇಪ್ಪತ್ತನಾಲ್ಕೂ ಚಿತ್ರ ಪಾಸಾದರೆ ಕಾರ್ಡಿನಲ್ಲಿ 'ಆರ್ಟಿಸ್ಟ್' ಎಂದು ಬದಲಿಸಿ ಕೊಡುತ್ತೇನೆ ಎಂದು ಲೆಬನಾನಿನವರಾದ ನಮ್ಮ ಮ್ಯಾನೇಜರ್ ಮಾತು ಕೊಟ್ಟರು. ಅವತ್ತು ಪೊರ್ಬುಗಳು ಸ್ಟೋರಿಗೆ ಬಂದು ಈ ವಿಷಯವನ್ನು ಎರಡೆರಡು ಸಲ ಹೇಳಿದರು. "ಅವಳನ್ನು ಈ ವರ್ಷ ಇಲ್ಲೇ ಒಂದನೇ ಕ್ಲಾಸಿಗೆ ಸೇರಿಸ್ಬಹುದು ಮಾರಾಯ್ರೆ" ಎಂದರು.

ವರ್ಕ್‌ಶಾಪಿನಲ್ಲಿ ಮರದ ಹೊಟ್ಟು ಹಾರಿ ಹಸಿ ಬಣ್ಣಕ್ಕೆ ಅಂಟುತ್ತದೆ ಎಂದು ಬಿನ್ ಮಹಮೂದ್‌ನಲ್ಲಿ ಕಂಪನಿಗಿದ್ದ ಹಳೆಯ ಫ್ಲ್ಯಾಟಿನ ಒಂದು ಕೋಣೆಯನ್ನು ಈ ಕೆಲಸಕ್ಕೆ ಬಿಟ್ಟುಕೊಟ್ಟರು. ನಮ್ಮ ಮನೆಯಿಂದ ಎರಡು ಬೀದಿ ಆಚೆ. ಬಣ್ಣವನ್ನು ದೊಡ್ಡ ಡಬ್ಬಿಗಳಲ್ಲಿ ತರಿಸಿದ್ದೆವು. ನಾನು ಅದನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಗಳಿಗೆ ತುಂಬಿ, ಮುಚ್ಚಳದ ಮೇಲೆ ಬಣ್ಣದ ಹೆಸರು ಮತ್ತು ನಂಬರ್ ಬರೆದ ಚೀಟಿ ಅಂಟಿಸಿ, ವಾರಕ್ಕೆರಡು ಸಲ ಕಳಿಸಬೇಕಿತ್ತು.

ಸಂಶಯ ಮೊದಲ ವಾರವೇ ಸುರುವಾಯಿತು. ಪೊರ್ಬುಗಳು ಕೋಣೆಯ ಬಾಗಿಲು ಚಿಲಕ ಹಾಕಿಕೊಂಡೇ ಕೆಲಸ ಮಾಡುತ್ತಿದ್ದರು. ಚಿತ್ರ ನೋಡಲಿಕ್ಕೆ ಬರುತ್ತೇನೆ ಎಂದರೆ "ಆಗ್ಲಿ ಮಾರಾಯ್ರೆ, ಮುಗಿದ ಮೇಲೆ ನಾನೇ ತರ್ತೇನೆ" ಎನ್ನುತ್ತಿದ್ದರು. ವಾರಕ್ಕೆ ಎರಡು ಚಿತ್ರ ಬರುತ್ತಿತ್ತು. ಆಳೆತ್ತರದ ಚಿತ್ರ ವಾರಕ್ಕೆ ಎರಡು ಹೇಗೆ ಸಾಧ್ಯ? ಪ್ರಿಂಟ್ ಹೊಡೆದ ಕ್ಯಾನ್ವಾಸಿನ ಮೇಲೆ ಅಲ್ಲಲ್ಲಿ ಬ್ರಶ್ ಆಡಿಸಿ ಕೈಯದ್ದು ಎಂದು ಮಾರುವ ಅಂಗಡಿಗಳು ದೋಹಾದಲ್ಲೂ ಇದ್ದವು. ನಾನು ಭೂತಕನ್ನಡಿ ಕೊಂಡುತಂದು ಪ್ರಿಂಟಿನ ಚುಕ್ಕೆ ಹುಡುಕಿದೆ. ಒಂದೂ ಕಾಣಲಿಲ್ಲ. ಕಾಣದೇ ಇದ್ದದ್ದು ನನಗೆ ಸಮಾಧಾನ ಕೊಡಲಿಲ್ಲ, ಕಳ್ಳ ಹುಷಾರಿದ್ದಾನೆ ಎಂದುಕೊಂಡೆ.

ಇನ್ನೊಂದು ಸಲ ಡಬ್ಬಿಯೊಂದರ ಚೀಟಿ ಉದುರಿಹೋಗಿತ್ತು. ಒಳಗೆ ಅಚ್ಚ ಹಸಿರು, ಮುಚ್ಚಳ ತೆಗೆದರೆ ಯಾರಿಗಾದರೂ ಗೊತ್ತಾಗುತ್ತದೆ. ಪೊರ್ಬುಗಳು ಅದನ್ನು ಹಾಗೇ ವಾಪಸ್ ತಂದರು. "ಚೀಟಿ ಇಲ್ಲದ್ದು ನನಗೆ ಬೇಡ" ಎಂದರು. ಬಣ್ಣ ಕಲಸಿ ಬದುಕುವವನಿಗೆ ಚೀಟಿಯ ಹಂಗು ಯಾಕೆ? ಈ ಮನುಷ್ಯ ಬಣ್ಣವನ್ನು ಮುಟ್ಟುವುದೇ ಇಲ್ಲ, ಲೆಕ್ಕಕ್ಕೆ ತೆಗೆದುಕೊಂಡು ಹೋಗಿ ಇಡುತ್ತಾನೆ ಎಂದು ನಾನು ಷರಾ ಬರೆದುಕೊಂಡೆ.

ಎಲ್ಲದಕ್ಕಿಂತ ಮಿಗಿಲಾಗಿ ಆ ಕಾಕನ ವಿಷಯ. ಫ್ಲ್ಯಾಟಿನ ಕೆಳಗೆ ಒಂದು ಚಾದ ಅಂಗಡಿ, ನಡೆಸುತ್ತಿದ್ದವರು ಮಲಯಾಳಿ ಮುದುಕರು, ಎಲ್ಲರೂ ಕಾಕ ಎನ್ನುತ್ತಿದ್ದರು. ಆಫೀಸಿಗೆ ಹೋಗುವ ಮೊದಲು ನಾನು ಅಲ್ಲಿ ಚಾ ಕುಡಿಯುತ್ತಿದ್ದೆ. ಬೆಳಿಗ್ಗೆ ಗಿರಾಕಿಗಳು ಸಾಲು ನಿಂತಿರುವ ಹೊತ್ತಿನಲ್ಲೇ ಕಾಕ ಒಂದು ಗ್ಲಾಸು ಚಾ ಹಿಡಿದು ಪೊರ್ಬುಗಳ ಕೋಣೆಗೆ ಹತ್ತುತ್ತಿದ್ದರು. ಅರ್ಧ ಗಂಟೆ ಇಳಿಯುತ್ತಿರಲಿಲ್ಲ. ಒಂದು ಗ್ಲಾಸು ಚಾ ಕೊಡಲಿಕ್ಕೆ ಅರ್ಧ ಗಂಟೆ ಬೇಕೇ? ಪ್ರಿಂಟ್ ಹೊಡೆದ ಕ್ಯಾನ್ವಾಸ್ ಎಲ್ಲಿಂದಲೋ ತರಿಸಿಕೊಡುವವರು ಇವರೇ ಎಂದು ನನಗೆ ಗ್ಯಾರಂಟಿಯಾಯಿತು.

ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಮೀನು ಕೊಯ್ಯುತ್ತಿದ್ದವಳು ಕತ್ತಿ ನಿಲ್ಲಿಸಲೂ ಇಲ್ಲ. "ಒಂದು ಸಲ ಬಾಗಿಲು ತಟ್ಟಿ ಎಂತ ವಿಷಯ ಅಂತ ಕೇಳ್ಲಿಕ್ಕೆ ನಿಮ್ಗೆ ಎಂತ ಆಗ್ತದೆ? ಅವರೇನು ನಿಮ್ಮನ್ನು ತಿಂತಾರಾ?" ಎಂದಳು. ಕೇಳಿದರೆ ಯಾವ ಕಳ್ಳ ಒಪ್ಪಿಕೊಳ್ಳುತ್ತಾನೆ ಎಂದು ನಾನು ವಾದಿಸಿದೆ. ಹತ್ತೊಂಬತ್ತು ಚಿತ್ರಕ್ಕೆ ಆಗಲೇ ಸಹಿ ಹಾಕಿದ್ದೆ. ಒಂದು ಪ್ರಿಂಟ್ ಸಿಕ್ಕಿಬಿದ್ದರೆ ಮೊದಲು ವಿಮಾನ ಹತ್ತುವವನು ನಾನು, ಹಿಂದಿನಿಂದ ಹೆಂಡತಿ ಮಗ. ಅದು ಸುಳ್ಳು ಹೆದರಿಕೆಯಾಗಿರಲಿಲ್ಲ. ಆದರೆ ಈಗ ನೆನಪಿಸಿಕೊಂಡರೆ, ಹೆದರಿಕೆಗಿಂತ ಹೆಚ್ಚಾಗಿ ನನಗೆ ಅವರನ್ನು ಹಿಡಿಯಬೇಕು ಎಂಬ ಚಟ ಹತ್ತಿತ್ತು.

ಇಪ್ಪತ್ತನೆಯ ಚಿತ್ರದ ಹೊತ್ತಿಗೆ ಕಾಕ ಎರಡು ವಾರಕ್ಕೆ ಊರಿಗೆ ಹೋದರು. ಅಂಗಡಿಗೆ ಬೀಗ. ಈಗ ನೋಡುವ, ತಂದುಕೊಡುವವನಿಲ್ಲದೆ ಚಿತ್ರ ಹೇಗೆ ಬರುತ್ತದೆ ಎಂದುಕೊಂಡೆ. ಆ ವಾರ ಬಣ್ಣ ಕಳಿಸುವಾಗ ಎರಡು ಡಬ್ಬಿಗಳ ಚೀಟಿಯನ್ನು ಅದಲುಬದಲು ಮಾಡಿ ಅಂಟಿಸಿದೆ. ಕಡು ಹಸಿರಿನ ಚೀಟಿ ಕಾವಿ ಕೆಂಪಿನ ಡಬ್ಬಿಗೆ, ಕಾವಿ ಕೆಂಪಿನದ್ದು ಕಡು ಹಸಿರಿಗೆ. ನಿಜವಾಗಿ ಬರೆಯುವವರಾದರೆ ಮುಚ್ಚಳ ತೆಗೆದ ಕೂಡಲೇ ಫೋನ್ ಮಾಡಿ ನನಗೆ ಉಗಿಯುತ್ತಾರೆ. ಬರೆಯದವರಾದರೆ ಮುಚ್ಚಳವನ್ನೇ ತೆಗೆಯುವುದಿಲ್ಲ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಒಂದು ದಿನ ಆಯಿತು, ಎರಡಾಯಿತು. ಫೋನ್ ಬರಲಿಲ್ಲ. ಮೂರನೆಯ ದಿನ ನಾನೇ ಫೋನ್ ಮಾಡಿ ಬಣ್ಣ ಎಲ್ಲ ಸರಿ ಉಂಟಾ ಎಂದು ಕೇಳಿದೆ. "ಸರಿ ಉಂಟು ಮಾರಾಯ್ರೆ, ಚಿತ್ರ ಮುಗೀಲಿಕ್ಕೆ ಬಂತು" ಎಂದರು. ನನಗೆ ಅಷ್ಟೇ ಸಾಕಿತ್ತು. ಈ ಮನುಷ್ಯ ಚಿತ್ರ ಬರೆಯುತ್ತಿಲ್ಲ, ನನ್ನ ಹತ್ತಿರ ಪುರಾವೆ ಇದೆ ಎಂದು ಬರೆದು, ಸಹಿ ಹಾಕಿ, ಮ್ಯಾನೇಜರ್ ಮೇಜಿನ ಮೇಲೆ ಇಟ್ಟುಬಂದೆ. ಅವರು ಓದಿ ತಲೆ ಎತ್ತಿದರು. ಭಾನುವಾರ ಮೇಡಂ ಆಫೀಸಿಗೆ ಬರುತ್ತಾರೆ, ಅವರ ಎದುರೇ ಚಿತ್ರ ಬಿಚ್ಚಿಸೋಣ, ಅದುವರೆಗೆ ಬಾಯಿ ಬಿಡಬೇಡ ಎಂದರು.

ಭಾನುವಾರ ಪೊರ್ಬುಗಳು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಚಿತ್ರವನ್ನು ಗೋಡೆಗೆ ಒರಗಿಸಿ ಮೇಲಿನ ಬಟ್ಟೆ ಎತ್ತಿದರು. ಪುಸ್ತಕದಲ್ಲಿ ಅದು ಬೇಸಿಗೆಯ ಕಣಿವೆ. ಎರಡು ಬದಿ ಹಸಿರು ಗುಡ್ಡ, ನಡುವೆ ನದಿ, ದಡದಲ್ಲಿ ಕೆಂಪು ಬಂಡೆಗಳು. ನಮ್ಮೆದುರು ಇದ್ದದ್ದು ಬೇರೆ. ಗುಡ್ಡಗಳೆಲ್ಲ ಕಾವಿ ಬಳಿದ ಹಾಗೆ ಕೆಂಪು, ಹುಲ್ಲು ಕೆಂಪು, ಮರಗಳು ಕೆಂಪು. ನದಿಯ ದಡದ ಬಂಡೆಗಳು ಮಾತ್ರ ಕಡು ಹಸಿರು. ಒಂದೊಂದು ಎಲೆಯನ್ನೂ ಒಂದೊಂದು ಹುಲ್ಲಿನ ಎಸಳನ್ನೂ ಕೈಯಿಂದಲೇ ಬರೆದಿದ್ದರು. ನದಿಯ ಮೇಲೆ ಬಿದ್ದ ಬೆಳಕು ನಿಜದ ಬೆಳಕಿನ ಹಾಗೇ ಇತ್ತು.

ಪೊರ್ಬುಗಳು ಚಿತ್ರವನ್ನು ನೋಡಿದರು, ನಮ್ಮ ಮೂವರ ಮುಖ ನೋಡಿದರು, ಪುನಃ ಚಿತ್ರವನ್ನು ನೋಡಿದರು. ಏನೋ ತಪ್ಪಾಗಿದೆ ಎಂದು ಅವರಿಗೆ ನಮ್ಮ ಮುಖದಿಂದ ತಿಳಿಯಿತೇ ಹೊರತು ಚಿತ್ರದಿಂದ ತಿಳಿಯಲಿಲ್ಲ. ಆಗ ನನಗೆ ಅರ್ಥವಾಯಿತು. ಈ ಮನುಷ್ಯನಿಗೆ ಕೆಂಪು ಹಸಿರು ಎರಡೂ ಒಂದೇ. ಚೀಟಿ ಓದಿ ಬರೆಯುವುದು ಬಿಟ್ಟರೆ ಅವರಿಗೆ ಬೇರೆ ದಾರಿಯಿರಲಿಲ್ಲ. ಆ ಚೀಟಿಯನ್ನು ನಾನು ಸುಳ್ಳು ಮಾಡಿದ್ದೆ.

ಮೇಡಂ ನಿಧಾನಕ್ಕೆ ಕೇಳಿದರು, ಇದು ಶರತ್ಕಾಲವೇ ಎಂದು. ಅವರ ದೇಶದಲ್ಲಿ ಆಗ ಗುಡ್ಡಗಳು ಕೆಂಪಾಗುತ್ತವಂತೆ. ಪೊರ್ಬುಗಳು ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಆ ಮಾತನ್ನು ಹಿಡಿದರು. ಹೌದು ಮೇಡಂ, ಶರತ್ಕಾಲ ಎಂದೇ ಮಾಡಿದ್ದು ಎಂದರು. ಹಾಗಾದರೆ ಬಂಡೆ ಯಾಕೆ ಹಸಿರು ಎಂದರು ಮೇಡಂ. ಪೊರ್ಬುಗಳು, "ತಪ್ಪಾಯ್ತು. ಅವಸರದಲ್ಲಿ ಡಬ್ಬಿ ನೋಡ್ಲಿಲ್ಲ. ನಾಲ್ಕು ದಿನ ಕೊಡಿ, ಹೊಸತು ಬರೆದು ಕೊಡ್ತೇನೆ" ಎಂದು ತಮಗೆ ಬರುವ ಇಂಗ್ಲಿಷಿನಲ್ಲಿ ಹೇಳಿದರು. ಮೇಡಂ ಒಪ್ಪಿದರು. ಅವರು ಹೋದ ಮೇಲೆ ಮ್ಯಾನೇಜರ್ ನನ್ನ ಕಡೆ ತಿರುಗಿ, ನಾಲ್ಕು ದಿನ ಇವನ ಪಕ್ಕ ಕೂತು ನೋಡು, ನಿಮ್ಮಿಬ್ಬರಲ್ಲಿ ಯಾರು ಸರಿ ಎಂದು ನನಗೆ ಗೊತ್ತಾಗಬೇಕು, ಯಲ್ಲಾ, ಹೊರಡು ಎಂದರು.

ಆ ಕೋಣೆಯ ಒಳಗೆ ನಾನು ಕಾಲಿಟ್ಟದ್ದು ಆಗಲೇ ಮೊದಲು. ಪುಸ್ತಕದ ಪುಟವನ್ನು ದೊಡ್ಡದು ಮಾಡಿಸಿ ಹಲಗೆಗೆ ಅಂಟಿಸಿದ್ದರು. ಅದರ ಮೇಲೆಲ್ಲ ಪೆನ್ಸಿಲಿನಲ್ಲಿ ಚೌಕ, ಚೌಕದೊಳಗೆ ನಂಬರ್. ಕೇಳುವ ಮೊದಲೇ ಅವರು ಹೇಳಿದರು. ಕಣ್ಣು ಹುಟ್ಟಿನಿಂದ ಹಾಗೆ. ಸಣ್ಣವರಿದ್ದಾಗ ಇವರು ಮೇರಿ ಮಾತೆಯ ಹಸಿರಾಗಬೇಕಿದ್ದ ಸೆರಗಿಗೆ ಕೆಂಪು ಬಳಿದದ್ದನ್ನು ನೋಡಿ ತಂದೆಗೆ ಗೊತ್ತಾಯಿತು. ಅವರು ಹೊಡೆಯಲಿಲ್ಲ, ಡಬ್ಬಿಗಳ ಮೇಲೆ ನಂಬರ್ ಬರೆದು ಕಲಿಸಿದರು. ಇಲ್ಲಿ ಆ ಕೆಲಸ ಕಾಕ ಮಾಡುತ್ತಿದ್ದರು. ದಿನಾ ಬೆಳಿಗ್ಗೆ ಬಂದು ಒಂದೊಂದು ಚೌಕದ ಬಣ್ಣ ಹೇಳುತ್ತಿದ್ದರು, ಪೊರ್ಬುಗಳು ನಂಬರ್ ಹಾಕಿಕೊಳ್ಳುತ್ತಿದ್ದರು. ಮುಗಿದ ಚಿತ್ರವನ್ನೂ ಕಾಕನೇ ನೋಡಿ ಸರಿ ಎನ್ನಬೇಕು. ಇದೊಂದು ಚಿತ್ರಕ್ಕೆ ನಂಬರ್ ಹೇಳಿ ಅವರು ಊರಿಗೆ ಹೋಗಿದ್ದರು.

"ಬಣ್ಣ ಕಾಣದವ ಅಂತ ಗೊತ್ತಾದ್ರೆ ಆರ್ಟಿಸ್ಟ್ ಅಂತ ಯಾರು ಬರೆದು ಕೊಡ್ತಾರೆ ಹೇಳಿ" ಎಂದರು ಪೊರ್ಬುಗಳು. ನಾನು ತಲೆಯಾಡಿಸಿದೆ. ಚೀಟಿಯ ವಿಷಯ ಬಾಯಿಯವರೆಗೆ ಬಂತು, ನುಂಗಿಕೊಂಡೆ.

ನಾಲ್ಕು ದಿನವೂ ಡಬ್ಬಿ ತೆಗೆದುಕೊಡುವ ಕೆಲಸ ನನ್ನದು. ಅವರು ನಂಬರ್ ಹೇಳುತ್ತಿದ್ದರು, ನಾನು ಮುಚ್ಚಳ ತೆಗೆದು ನೋಡಿ, ಇದು ಹಸಿರು, ಇದು ಕೆಂಪು ಎಂದು ಹೇಳಿ ಕೊಡುತ್ತಿದ್ದೆ. ಅವರು ಥ್ಯಾಂಕ್ಸ್ ಎಂದು ತೆಗೆದುಕೊಂಡು ಮೆಟ್ಟಿಲು ಇಳಿದು ಹೋಗುತ್ತಿದ್ದರು. ಎರಡನೆಯ ಸಲ ನಾನು ಮೆಟ್ಟಿಲಿನ ಬಳಿ ನಿಂತು ಇಣುಕಿದೆ. ಕಟ್ಟಡದ ಕಾವಲುಗಾರನಿಗೆ ಡಬ್ಬಿ ತೋರಿಸಿ, "ಭಾಯ್, ಯೇ ಕೌನ್ಸಾ ಕಲರ್?" ಎಂದು ಕೇಳುತ್ತಿದ್ದರು. ಅವನು ಹರಾ, ಅಂದರೆ ಹಸಿರು, ಎಂದ ಮೇಲೆ ವಾಪಸ್ ಹತ್ತಿದರು. ನಾಲ್ಕು ದಿನವೂ ಹಾಗೇ. ನನ್ನ ಬಾಯಿಂದ ಬಂದ ಒಂದು ಬಣ್ಣವನ್ನೂ ಅವರು ಕೇಳಿ ನೋಡದೆ ಹಚ್ಚಲಿಲ್ಲ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು.

ಹೊಸ ಕಣಿವೆ ಪಾಸಾಯಿತು. ಕಾಕ ಊರಿಂದ ಬಂದರು, ಉಳಿದ ನಾಲ್ಕೂ ಪಾಸಾದವು. ಅಲ್ ಥುಮಾಮಾದ ಗೋಡೆಗಳ ಮೇಲೆ ಇಪ್ಪತ್ತನಾಲ್ಕು ಅಮೆರಿಕ ನೇತಾಡಿದವು. ಇವೆಲ್ಲವೂ ಈ ಮನುಷ್ಯನ ಕೈಯಿಂದಲೇ ಆದವು ಎಂದು ನಾನು ಇನ್ನೊಂದು ಕಾಗದ ಬರೆದು ಸಹಿ ಹಾಕಿ ಮ್ಯಾನೇಜರಿಗೆ ಕೊಟ್ಟೆ. ಕಾರ್ಡ್ ಬದಲಿಸುವ ಅರ್ಜಿಗೆ ಅದು ಬೇಕಿತ್ತು.

ಅವರು ಫೈಲಿನಿಂದ ನನ್ನ ಮೊದಲನೆಯ ಕಾಗದ ತೆಗೆದು ಇದರ ಪಕ್ಕ ಇಟ್ಟರು. ಇದರಲ್ಲಿ ಬರೆಯುವುದೇ ಇಲ್ಲ ಎಂದಿದ್ದೀಯ, ಇದರಲ್ಲಿ ಎಲ್ಲ ಅವನೇ ಬರೆದದ್ದು ಎಂದಿದ್ದೀಯ, ಎರಡೂ ನಿನ್ನ ಸಹಿ, ಯಾವುದನ್ನು ನಂಬಲಿ ಎಂದರು. ಮೊದಲನೆಯದ್ದು ನನ್ನ ತಪ್ಪು ಎಂದೆ. ಪುರಾವೆ ಇದೆ ಎಂದು ಬರೆದಿದ್ದೀಯಲ್ಲ, ಏನು ಪುರಾವೆ ಎಂದು ಕೇಳಿದರು.

ಒಂದು ವಾಕ್ಯ ಸಾಕಿತ್ತು. ಚೀಟಿ ಬದಲಿಸಿದವನು ನಾನು ಎಂದು ಹೇಳಿದರೆ ಕೆಂಪು ಗುಡ್ಡದ ತಪ್ಪು ನನ್ನ ತಲೆಗೆ ಬರುತ್ತಿತ್ತು, ಕಂಪನಿಯ ಮಾಲು ಬೇಕೆಂದೇ ಹಾಳು ಮಾಡಿದ್ದಕ್ಕೆ ನನ್ನ ಕೆಲಸ ಹೋಗುತ್ತಿತ್ತು. ಹೇಳಿದರೆ ಪೊರ್ಬುಗಳ ಕಣ್ಣಿನ ಗುಟ್ಟೂ ಬಯಲಾಗುತ್ತದಲ್ಲ, ಅವರಿಗೇ ತೊಂದರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಎಷ್ಟು ಅನುಕೂಲದ ನೆಪ ಎಂದು ಆಗಲೂ ಗೊತ್ತಿತ್ತು. ನಾನು ನೆಲ ನೋಡುತ್ತ ನಿಂತೆ. ಮ್ಯಾನೇಜರ್ ಎರಡೂ ಕಾಗದ ಒಳಗಿಟ್ಟು ಫೈಲ್ ಮುಚ್ಚಿದರು. ಯಾರ ಮೇಲೆ ಸಂಶಯ ಇದೆಯೋ ಅವನಿಗಾಗಿ ನಾನು ಸರಕಾರದ ಎದುರು ಸಹಿ ಹಾಕಲಾರೆ, ಖಲಾಸ್ ಎಂದರು.

ಪೊರ್ಬುಗಳಿಗೆ ತಿಳಿಸುವ ಕೆಲಸವೂ ನನಗೇ ಬಂತು. ಶುಕ್ರವಾರ ಮಧ್ಯಾಹ್ನ ಹೋದೆ. ಅವರು ಬ್ರಶ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಕಾರ್ಡಿನಲ್ಲಿ ಲೇಬರ್ ಎಂದೇ ಇರುತ್ತದಂತೆ ಎಂದೆ. ಅವರು ಕೈ ನಿಲ್ಲಿಸಿದರು. "ಮಗಳಿಗೆ ಶಾಲೆ ಬ್ಯಾಗ್ ತೆಗ್ದಾಗಿತ್ತು" ಎಂದರು. ಆಗ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ, ಭೂತಕನ್ನಡಿ, ಚೀಟಿ, ಕಾಗದ, ಎಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಚೀಟಿದು ಗೊತ್ತುಂಟು ಮಾರಾಯ್ರೆ" ಎಂದರು ಅವರು. "ಆ ಭಾನುವಾರವೇ ಡಬ್ಬಿ ಎರಡನ್ನೂ ಕೆಳಗೆ ಕಾವಲುಗಾರನಿಗೆ ತೋರಿಸಿದೆ."

"ಮತ್ತೆ ಮ್ಯಾನೇಜರ್ ಹತ್ರ ಯಾಕೆ ಹೇಳ್ಲಿಲ್ಲ?"

ಅವರು ಬ್ರಶ್ ಒರೆಸಿ ಬದಿಗಿಟ್ಟರು. "ಹೇಳಿದ್ರೆ ನನ್ನ ಕಣ್ಣಿನ ವಿಷಯ ಹೊರಗೆ ಬರ್ತಿತ್ತು. ಅದೊಂದು. ಮತ್ತೆ ನಿಮ್ಮ ಹುಡುಗ ಇಲ್ಲೇ ಶಾಲೆಗೆ ಹೋಗ್ತಾನಲ್ಲ. ಅಪ್ಪನ ಜೊತೆ ಇರ್ಲಿ ಅಂತ ಬಿಟ್ಟೆ."

ಮುಂದಿನ ವರ್ಷ ಅವರು ಕೆಲಸ ಬಿಟ್ಟು ಊರಿಗೆ ಹೋದರು. ನನ್ನ ಮಗ ಆ ಶಾಲೆಯಲ್ಲೇ ಹತ್ತನೆಯವರೆಗೆ ಓದಿದ. ಆ ದಿನದ ಮಾತನ್ನು ಹೆಂಡತಿಗೆ ಹೇಳಿದಾಗ ಅವಳು ಅತ್ತಳು. ನಾನು ಮಾತ್ರ, ಅವರು ಸುಮ್ಮನಿದ್ದದ್ದು ನಿಜವಾಗಿ ತಮ್ಮ ಕಣ್ಣಿನ ಗುಟ್ಟಿಗಾಗಿಯೇ, ನನ್ನ ಮಗನ ಮಾತು ಆಮೇಲೆ ಸೇರಿಸಿದ್ದು ಎಂದು ವಾದಿಸಿದೆ. ಈಗಲೂ ಕೆಲವು ದಿನ ಹಾಗೇ ಅನಿಸುತ್ತದೆ. ಹಾಗೆ ಅನಿಸಿದ ದಿನ ನನಗೆ ನಿದ್ದೆ ಬರುತ್ತದೆ.